ಹೆಚ್ಚುವರಿ ಪ್ರಭಾರ

27 ನವೆಂಬರ್ 2025, ಗುರುವಾರ
ಧಾರವಾಡ

ಮನೆಯೊಳಗಿನ ಹಿಂಸೆಗೆ ಒಳಗಾದ ಹೆಂಗಸರಿಗೆ ನೆರವಾಗುವ ಅಧಿಕಾರಿಗಳು ಬೇಕೆಂದು ನಿನ್ನೆ ಬೆಂಗಳೂರಿನಲ್ಲಿ ಸರ್ಕಾರಕ್ಕೆ ಮನವಿ ಪತ್ರ ಕೊಟ್ಟು ಬಂದಾಗಿನಿಂದ ಮನಸ್ಸು ಒಂದೇ ಪ್ರಶ್ನೆಯನ್ನು ಹಿಡಿದುಕೊಂಡು ಕೂತಿದೆ. ಪ್ರತಿಯ ಮೇಲೆ ಟಪಾಲು ಶಾಖೆಯ ಮೊಹರು ಬಿತ್ತು. ಅಧಿಕಾರಿ ಕೂರಿಸಿಕೊಂಡು ಮಾತನಾಡಿದರು, ಚಹಾ ತರಿಸಿದರು, ಮನವಿಯ ಎರಡೂ ಪುಟಗಳನ್ನು ನಮ್ಮೆದುರಿಗೇ ಓದಿದರು. ಹೊರಗೆ ನಿಲ್ಲಿಸಿ ಕಳಿಸುವವರ ಮೇಲೆ ಸಿಟ್ಟು ಮಾಡಿಕೊಂಡು ಹಗುರಾಗಬಹುದು. ಓದಿ, ತಲೆಯಾಡಿಸಿ, ಲೆಕ್ಕ ಕೇಳುವವರ ಮುಂದೆ ಸಿಟ್ಟು ಕೆಲಸಕ್ಕೆ ಬರುವುದಿಲ್ಲ.

ನಮ್ಮ ಬೇಡಿಕೆ ನಿಮಗೆಲ್ಲ ಗೊತ್ತಿರುವುದೇ: ಬೇರೆ ಯಾವ ಹೊಣೆಯೂ ಇಲ್ಲದ, ಪೂರ್ಣಾವಧಿಯ ಸಂರಕ್ಷಣಾಧಿಕಾರಿ ಪ್ರತಿ ತಾಲ್ಲೂಕಿಗೂ ಬೇಕು. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಹೊಡೆತ ತಿಂದ ಹೆಂಗಸು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತದೆಯೂ ನೆರವು ಪಡೆಯಬಹುದೆಂಬ ಈ ಕಾಯ್ದೆಯ ಭರವಸೆ ನಿಂತಿರುವುದು ಈ ಒಬ್ಬ ಅಧಿಕಾರಿಯ ಮೇಲೆ. ಕೌಟುಂಬಿಕ ಘಟನಾ ವರದಿ (ಡಿಐಆರ್) ಬರೆದು ಮ್ಯಾಜಿಸ್ಟ್ರೇಟರಿಗೆ ಕಳಿಸುವುದು, ಉಚಿತ ಕಾನೂನು ನೆರವು ಸಿಗುವಂತೆ ನೋಡಿಕೊಳ್ಳುವುದು, ಆಕೆಗೆ ಬೇಕಾದರೆ ಆಶ್ರಯ ಒದಗಿಸುವುದು, ಗಾಯವಾಗಿದ್ದರೆ ವೈದ್ಯಕೀಯ ತಪಾಸಣೆ ಮಾಡಿಸುವುದು, ಎಲ್ಲವೂ ಅವರ ಕರ್ತವ್ಯ. ನಮ್ಮ ರಾಜ್ಯದಲ್ಲಿ ಈ ಹೊಣೆಯನ್ನು ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ ಹೆಚ್ಚುವರಿಯಾಗಿ ವಹಿಸಲಾಗಿದೆ. ಅಂಗನವಾಡಿಗಳು, ಪೂರಕ ಪೌಷ್ಟಿಕ ಆಹಾರ, ಭಾಗ್ಯಲಕ್ಷ್ಮಿ ಬಾಂಡುಗಳು, ಬಾಲ್ಯವಿವಾಹ ತಡೆ, 2023ರಿಂದ ಗೃಹಲಕ್ಷ್ಮಿಯ ಅರ್ಜಿಗಳು, ಇವೆಲ್ಲದರ ನಡುವೆ ಎಲ್ಲೋ ಒಂದು ಕಡೆ ಸಂರಕ್ಷಣೆಯೂ ಇದೆ. ಅಂಥ ಒಬ್ಬ ಅಧಿಕಾರಿ ಹಿಂದೊಮ್ಮೆ ನನಗೆ ಹೇಳಿದ್ದರು: "ಅಕ್ಕಾರ, ಮೊಟ್ಟೆ ಬರಲಿಲ್ಲ ಅಂದ್ರ ಅವತ್ತ ಫೋನ್ ಬರ್ತದ. ಡಿಐಆರ್ ಬರೀಲಿಲ್ಲ ಅಂದ್ರ ಯಾರೂ ಕೇಳೂದಿಲ್ಲ." ಆಕೆಯನ್ನು ದೂರುವ ಮನಸ್ಸು ನನಗೆ ಅಂದೂ ಇರಲಿಲ್ಲ, ಇಂದೂ ಇಲ್ಲ.

ನಿನ್ನೆಯ ಅಧಿಕಾರಿಗೂ ಇದು ಹೊಸ ವಿಷಯವಾಗಿರಲಿಲ್ಲ. ಅವರು ಮೊದಲು ಎತ್ತಿದ್ದು ಇದೇ ವರ್ಷದ ಮೇ 20ರ ಸುಪ್ರೀಂ ಕೋರ್ಟಿನ ಆದೇಶವನ್ನು. ಸಂರಕ್ಷಣಾಧಿಕಾರಿಗಳು ಇಲ್ಲದ ಕಡೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಜಿಲ್ಲಾ, ತಾಲ್ಲೂಕು ಮಟ್ಟದ ಅಧಿಕಾರಿಗಳನ್ನೇ ಗುರುತಿಸಿ ಆರು ವಾರಗಳಲ್ಲಿ ನಿಯೋಜಿಸಬೇಕೆಂದು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ ಎಲ್ಲ ರಾಜ್ಯಗಳಿಗೂ ಹೇಳಿತ್ತು. ಆ ಆದೇಶ ಬಂದ ದಿನ ನಮ್ಮ ಗುಂಪಿನಲ್ಲಿ ಎಷ್ಟೊಂದು ಸಂತೋಷಪಟ್ಟಿದ್ದೆವು! ನಿನ್ನೆ ಅದೇ ಆದೇಶ ನಮಗೆ ಎದುರಾಗಿ ನಿಂತಿತು. "ನಮ್ಮಲ್ಲಿ ನಿಯೋಜನೆ ಯಾವಾಗಲೋ ಆಗಿದೆಯಲ್ಲ ಮೇಡಂ, ನ್ಯಾಯಾಲಯ ಪ್ರತ್ಯೇಕ ಹುದ್ದೆ ಸೃಷ್ಟಿಸಿ ಎಂದು ಹೇಳಿಲ್ಲ," ಎಂದರು. ಏನೂ ಇಲ್ಲದ ರಾಜ್ಯಗಳಿಗೆ ಮೊದಲ ಮೆಟ್ಟಿಲಾದ ಆದೇಶ ನಮ್ಮಂಥ ರಾಜ್ಯಕ್ಕೆ ಕೊನೆಯ ಮೆಟ್ಟಿಲಿನಂತೆ ಕಾಣುತ್ತದೆ ಎಂಬುದು ನನಗೆ ಹೊಳೆದದ್ದು ಆ ಕುರ್ಚಿಯಲ್ಲಿ ಕೂತಾಗಲೇ.

ಆಮೇಲೆ ಆ ಪ್ರಶ್ನೆ ಬಂತು. "ಒಂದು ತಾಲ್ಲೂಕಿನಲ್ಲಿ ತಿಂಗಳಿಗೆ ಎಷ್ಟು ಪ್ರಕರಣ ಬರುತ್ತವೆ? ಒಂದೋ ಎರಡೋ ವರದಿಗಾಗಿ ಹುದ್ದೆ ಕೇಳಿದರೆ ಆರ್ಥಿಕ ಇಲಾಖೆ ಕಡತವನ್ನು ಮರುದಿನವೇ ಹಿಂದಿರುಗಿಸುತ್ತದೆ. ಕಾರ್ಯಭಾರ ತೋರಿಸಿ, ನಾನೇ ಟಿಪ್ಪಣಿ ಬರೆದು ಮೇಲಕ್ಕೆ ಕಳಿಸುತ್ತೇನೆ."

ನಾನು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ಮುಂದಿಟ್ಟೆ. ಐದನೆಯ ಸುತ್ತಿನಲ್ಲಿ, ಅಂದರೆ 2019-20ರಲ್ಲಿ, ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಶೇ. 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ಹಿಂದಿನ ಸುತ್ತಿನಲ್ಲಿ ಇದು ಶೇ. 20.6 ಇತ್ತು. ಅಧಿಕಾರಿ ಇದನ್ನೂ ಓದಿದ್ದರು. ಸಮೀಕ್ಷೆಯ ಶೇಕಡಾವಾರು ಕಾರ್ಯಭಾರ ಆಗುವುದಿಲ್ಲ, ವಹಿಯಲ್ಲಿ ದಾಖಲಾದ ಅರ್ಜಿ ಮಾತ್ರ ಕಾರ್ಯಭಾರ ಎಂದು ಅವರು ಹೇಳಿದ್ದರಲ್ಲಿ ವ್ಯಂಗ್ಯವೇನೂ ಇರಲಿಲ್ಲ. ಕಚೇರಿಯ ನಿಯಮದ ಪ್ರಕಾರ ಅವರದು ಸರಿಯಾದ ಮಾತು. ಅಧಿಕಾರಿ ಸಿಗದ ಕಾರಣ ಅರ್ಜಿ ಬರುವುದಿಲ್ಲ, ಅರ್ಜಿ ಬರದ ಕಾರಣ ಅಧಿಕಾರಿ ಬೇಕಿಲ್ಲ ಎಂಬ ಈ ಸುತ್ತನ್ನು ಎಲ್ಲಿ ಕತ್ತರಿಸುವುದೆಂದು ರೈಲಿನಲ್ಲಿ ರಾತ್ರಿಯಿಡೀ ಯೋಚಿಸಿದೆ.

ಉತ್ತರ ಸಿಕ್ಕಿದ್ದು ಇಂದು ಮಧ್ಯಾಹ್ನ, ನಮ್ಮ ವಕೀಲಮ್ಮನ ಮನೆಯಲ್ಲಿ. ಅದೂ ಅವರು ಬೇಸರದಿಂದ ಆಡಿದ ಮಾತಿನಲ್ಲಿ. ಕಾಯ್ದೆಯ 12ನೆಯ ಕಲಂ ಪ್ರಕಾರ ನೊಂದ ಮಹಿಳೆ ತಾನೇ ನೇರವಾಗಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಸಲ್ಲಿಸಬಹುದು. ಸಾಮಾನ್ಯವಾಗಿ ಮೂರು ದಿನಗಳೊಳಗೆ ಮೊದಲ ವಿಚಾರಣೆ, ಅರವತ್ತು ದಿನಗಳಲ್ಲಿ ತೀರ್ಮಾನ ಎಂದು ಅದರಲ್ಲಿದೆ. ಎಲ್ಲಿ ಹಾಗೆ ನಡೆಯುತ್ತದೆ ಎಂದು ಕೇಳಬೇಡಿ. ವಕೀಲಮ್ಮ ಘಟನಾ ವರದಿಗಾಗಿ ಕಾಯುವುದನ್ನು ಬಿಟ್ಟು ವರ್ಷಗಳೇ ಆದವು. ತಲೆಗೆ ಹೊಲಿಗೆ ಹಾಕಿಸಿಕೊಂಡು ಮಗುವನ್ನು ಎತ್ತಿಕೊಂಡು ಬಂದವಳಿಗೆ, ಅಧಿಕಾರಿ ಸಭೆಯಲ್ಲಿದ್ದಾರೆ, ಸೋಮವಾರ ಬಾ ಎನ್ನುವುದಕ್ಕಿಂತ ಸಂಜೆಯೊಳಗೆ ಅರ್ಜಿ ಬರೆದು ಮರುದಿನ ನ್ಯಾಯಾಲಯಕ್ಕೆ ಹಾಕುವುದೇ ಮೇಲು ಎಂಬುದು ಅವರ ನಿಲುವು. ಬೇರೆ ಏನು ಮಾಡಬೇಕಿತ್ತು? ಆದರೆ ಹೀಗೆ ನೇರವಾಗಿ ಹೋದ ಒಂದೊಂದು ಅರ್ಜಿಯೂ ಇಲಾಖೆಯ ವಹಿಯಿಂದ ಹೊರಗೆ ಉಳಿಯುತ್ತದೆ. ಹೆಂಗಸರನ್ನು ಕಾಯಿಸಬಾರದೆಂದು ನಮ್ಮವರು ಹಿಡಿದ ಹತ್ತಿರದ ದಾರಿಯೇ ಸರ್ಕಾರದ ಕಣ್ಣಿಗೆ ಬೇಡಿಕೆ ಇಲ್ಲದಂತೆ ಮಾಡಿದೆ. ಹಾಗಾದರೆ ಕಾರ್ಯಭಾರದ ಲೆಕ್ಕ ಇರುವುದು ಇಲಾಖೆಯಲ್ಲಲ್ಲ, ಮ್ಯಾಜಿಸ್ಟ್ರೇಟರು ಕೂರುವ ಜೆಎಂಎಫ್‌ಸಿ ನ್ಯಾಯಾಲಯಗಳಲ್ಲಿ. ಪ್ರತಿ ತಾಲ್ಲೂಕಿನ ನ್ಯಾಯಾಲಯದಲ್ಲಿ ಈ ಕಾಯ್ದೆಯಡಿ ದಾಖಲಾದ ಅರ್ಜಿಗಳೆಷ್ಟು, ಅವುಗಳ ಪೈಕಿ ಸಂರಕ್ಷಣಾಧಿಕಾರಿಯ ವರದಿ ಇದ್ದವು ಎಷ್ಟು ಎಂಬ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟರೆ, ಅವುಗಳ ನಡುವಿನ ಅಂತರವೇ ನಾವು ಕೇಳುತ್ತಿರುವ ಹುದ್ದೆ.

ಮೊನ್ನೆ 25ರಂದು ಎಲ್ಲೆಡೆ ಮಹಿಳೆಯರ ಮೇಲಿನ ಹಿಂಸೆ ತಡೆಯುವ ಪ್ರತಿಜ್ಞೆ ಬೋಧಿಸಿದರು. ಕೈ ಮುಂದೆ ಚಾಚಿ ನಾನೂ ಹೇಳಿದೆ. ಪ್ರತಿಜ್ಞೆಗೆ ಆರ್ಥಿಕ ಇಲಾಖೆಯ ಸಹಮತಿ ಬೇಕಾಗಿಲ್ಲ, ಅದೇ ಅದರ ಅನುಕೂಲ.

ಸಂಜೆ ಟೀಚರಕ್ಕ ಬಂದಿದ್ದರು. ನನ್ನ ಮುಖ ನೋಡಿ ಹಳೆಯ ಕಥೆಯನ್ನೇ ಮತ್ತೆ ತೆಗೆದರು. ಮಥುರಾ ಎಂಬ ಹುಡುಗಿಯ ಮೇಲೆ ಪೊಲೀಸ್ ಠಾಣೆಯಲ್ಲೇ ನಡೆದ ಅತ್ಯಾಚಾರದ ಪ್ರಕರಣದಲ್ಲಿ ಆರೋಪಿ ಪೊಲೀಸರನ್ನು ಸುಪ್ರೀಂ ಕೋರ್ಟ್ ಬಿಡುಗಡೆ ಮಾಡಿದ ಮೇಲೆ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಾಗಮ್ವಾರ್, ರಘುನಾಥ ಕೇಳ್ಕರ್ ಎಂಬ ನಾಲ್ವರು ಕಾನೂನು ಪ್ರಾಧ್ಯಾಪಕರು 1979ರಲ್ಲಿ ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ಆ ಪತ್ರವನ್ನು ಹಿಡಿದು ಮಹಿಳಾ ಸಂಘಟನೆಗಳು ಬೀದಿಗಿಳಿದವು. ಅತ್ಯಾಚಾರದ ಕಾನೂನು ತಿದ್ದುಪಡಿಯಾದದ್ದು 1983ರಲ್ಲಿ. ಟೀಚರಕ್ಕ ಇದನ್ನು ಸಮಾಧಾನಕ್ಕೆಂದು ಹೇಳುತ್ತಾರೆ. ನನಗೆ ಸಮಾಧಾನವಾಗುವುದಿಲ್ಲ. ಕಾಯ್ದೆ ತರುವ ಹೋರಾಟಕ್ಕೆ ಜನ ಸೇರುತ್ತಾರೆ, ಪತ್ರಿಕೆಗಳು ಬರೆಯುತ್ತವೆ. ಕೌಟುಂಬಿಕ ಹಿಂಸೆಯ ಮಸೂದೆಯನ್ನು ಕೇಂದ್ರ ಸರ್ಕಾರ 2002ರಲ್ಲಿ ಸಂಸತ್ತಿಗೆ ತಂದಾಗ, ತನ್ನನ್ನೋ ತನ್ನ ಆಸ್ತಿಯನ್ನೋ ಕಾಪಾಡಿಕೊಳ್ಳಲು ಗಂಡಸು ಮಾಡಿದ ಕೃತ್ಯ ಹಿಂಸೆಯಾಗದು ಎಂಬ ವಿನಾಯಿತಿಯನ್ನು ಅದರಲ್ಲಿ ತೂರಿಸಿದ್ದರು. ಮಹಿಳಾ ಸಂಘಟನೆಗಳು ಅದನ್ನು ಕಿತ್ತುಹಾಕಿಸಿ, ಮನೆಯಲ್ಲಿ ವಾಸಿಸುವ ಹಕ್ಕನ್ನು ಬರೆಯಿಸಿ, 2005ರ ಕಾಯ್ದೆಯನ್ನು ಗಳಿಸಿಕೊಂಡವು. ಅಂಥ ಹೋರಾಟಕ್ಕೆ ಘೋಷಣೆ ಕೂಗಬಹುದು. ಮಂಜೂರಾದ ಹುದ್ದೆ, ವೇತನ ಶ್ರೇಣಿ, ಲೆಕ್ಕ ಶೀರ್ಷಿಕೆಗಳ ಬಗ್ಗೆ ಯಾರು ಘೋಷಣೆ ಕೂಗುತ್ತಾರೆ?

ಡಿಸೆಂಬರಿನಲ್ಲಿ ಬೆಳಗಾವಿ ಅಧಿವೇಶನವಿದೆ. ಶಾಸಕರೊಬ್ಬರು ಪ್ರಶ್ನೆ ಕೇಳಲು ಒಪ್ಪಿದ್ದಾರೆ. ಚುಕ್ಕೆ ಗುರುತಿನ ಪ್ರಶ್ನೆಯಾದರೆ ಸಚಿವರು ಸದನದಲ್ಲೇ ಉತ್ತರಿಸಬೇಕಾಗುತ್ತದೆ, ಉಪಪ್ರಶ್ನೆಗೂ ಅವಕಾಶವಿರುತ್ತದೆ. ಇಲ್ಲವಾದರೆ ಲಿಖಿತ ಉತ್ತರ, ಅದು ಹೇಗಿರುತ್ತದೆಂದು ನಾವೇ ಬರೆದುಕೊಡಬಲ್ಲೆವು. "ಸಂರಕ್ಷಣಾಧಿಕಾರಿಗಳನ್ನು ನೇಮಿಸಲಾಗಿದೆಯೇ" ಎಂದು ಕೇಳಿದರೆ "ಹೌದು" ಎಂದು ಮುಗಿಸುತ್ತಾರೆ. ಆದ್ದರಿಂದ ಹೀಗೆ ಬರೆದಿದ್ದೇನೆ: ಈ ಕರ್ತವ್ಯವನ್ನಲ್ಲದೆ ಬೇರಾವ ಕರ್ತವ್ಯವನ್ನೂ ನಿರ್ವಹಿಸದ ಸಂರಕ್ಷಣಾಧಿಕಾರಿಗಳು ರಾಜ್ಯದಲ್ಲಿ ಎಷ್ಟು ಮಂದಿ; ಕಳೆದ ಮೂರು ವರ್ಷಗಳಲ್ಲಿ ನ್ಯಾಯಾಲಯಗಳಿಗೆ ಸಲ್ಲಿಸಿದ ಘಟನಾ ವರದಿಗಳೆಷ್ಟು, ತಾಲ್ಲೂಕುವಾರು ವಿವರ ನೀಡುವುದು.

ವಕೀಲಮ್ಮ ಫೋನಿನಲ್ಲಿ ಇದನ್ನು ಕೇಳಿ, ತಾಲ್ಲೂಕು ಬೇಡ, ಮೊದಲು ಜಿಲ್ಲೆಗೊಂದು ಹುದ್ದೆ ಕೇಳೋಣ, ಸಿಗುವಷ್ಟನ್ನು ಗಿಟ್ಟಿಸಿಕೊಳ್ಳೋಣ ಎಂದರು. ಟೀಚರಕ್ಕನಿಗೆ ಇದು ಸುತರಾಂ ಒಪ್ಪಿಗೆಯಿಲ್ಲ. ಜಿಲ್ಲೆಗೊಂದು ಎಂದು ನಾವೇ ಬರೆದುಕೊಟ್ಟರೆ ಮುಂದಿನ ಇಪ್ಪತ್ತು ವರ್ಷ ಅದನ್ನೇ ತೋರಿಸುತ್ತಾರೆ ಎನ್ನುತ್ತಾರೆ. ಕಲಘಟಗಿಯ ಕಡೆಯ ಹಳ್ಳಿಯವಳು ಜಿಲ್ಲಾ ಕೇಂದ್ರಕ್ಕೆ ಬರಲು ಬಸ್ಸಿನ ಟಿಕೆಟ್ಟಿನ ತೊಂದರೆಯೇನೂ ಈಗಿಲ್ಲ, ಆದರೆ ಇಡೀ ದಿನ ಮನೆಯಲ್ಲಿ ಇಲ್ಲದಿದ್ದುದಕ್ಕೆ ಅವಳು ಸಂಜೆ ಕೊಡಬೇಕಾದ ಲೆಕ್ಕ ಇದೆಯಲ್ಲ, ಅದನ್ನು ನಾಳೆ ವಕೀಲಮ್ಮನಿಗೆ ಹೇಳಬೇಕು. ಅವರು ಅದಕ್ಕೆ ಏನನ್ನುತ್ತಾರೆಂಬುದೂ ನನಗೆ ಗೊತ್ತು: ಹೋಬಳಿ ಮಟ್ಟದಲ್ಲಿ ಸೇವಾ ಸಂಸ್ಥೆಗಳನ್ನು ನೋಂದಾಯಿಸಲು 10ನೆಯ ಕಲಂ ಇದೆ, ಅದನ್ನು ಬಳಸಿಕೊಳ್ಳೋಣ ಎಂದು.