ಅಷ್ಟು ಸಣ್ಣ ಕರಾವಳಿಗೆ ಐದು ದಿನ ಯಾಕೆ?

‘ಕಾರವಾರದಿಂದ ಭಟ್ಕಳದ ತನಕ ಬರೇ 120 ಕಿಲೋಮೀಟರ್ ರೀ. ಮೂರು ತಾಸಿನ ಹಾದಿಗೆ ಐದು ದಿನ ಏನ್ ಮಾಡ್ತೀರಿ?’ ಪ್ರತಿ ವರ್ಷ ಎಳ್ಳಮಾಸಿ ಮುಗಿಸಿ ಕೊಪ್ಪಳದಿಂದ ಹೊರಟಾಗ ಓಣಿಯವರು, ಆಫೀಸಿನವರು, ಬೀಗರು ಎಲ್ಲರೂ ಇದನ್ನೇ ಕೇಳುತ್ತಾರೆ.

ನಾನು ಹೋಗುವುದು ಹೊಳೆ ಕಡಲಿಗೆ ಸೇರುವುದನ್ನು ನೋಡಲು. ನಮ್ಮ ತುಂಗಭದ್ರೆ ಮುನಿರಾಬಾದಿನ 33 ಗೇಟುಗಳ ಹಿಂದೆ ತಡೆದು ನಿಂತು, ಮುಂದೆ ಕೃಷ್ಣೆಯನ್ನು ಕೂಡಿ ಮೂಡಣ ಸಮುದ್ರದ ದಾರಿ ಹಿಡಿಯುತ್ತಾಳೆ. ಅವಳ ಕೊನೆಯನ್ನು ಕಂಡವರು ನಮ್ಮಲ್ಲಿ ಎಷ್ಟು ಮಂದಿ? ಉತ್ತರ ಕನ್ನಡದಲ್ಲಿ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನಾಲ್ಕೂ ಆ 120 ಕಿ.ಮೀ. ಒಳಗೇ ಕಡಲು ಸೇರುತ್ತವೆ. ಹೊಳೆಗೊಂದು ರಾತ್ರಿ ಎಂದು ಹಿಡಿದರೆ ಲೆಕ್ಕ ಸರಿಹೋಯಿತು. ಕಾರವಾರ, ಗೋಕರ್ಣ, ಕುಮಟಾ, ಹೊನ್ನಾವರದಲ್ಲಿ ಮುಕ್ಕಾಂ.

ಗದಗ, ಹುಬ್ಬಳ್ಳಿ, ಯಲ್ಲಾಪುರ ದಾಟಿ ಅಂಕೋಲಾಕ್ಕೆ ಸುಮಾರು 250 ಕಿ.ಮೀ. ಹಿಂದೆ ಬಳ್ಳಾರಿಯ ಅದಿರು ಬೇಲೆಕೇರಿ ಬಂದರಿಗೆ ಇಳಿಯುತ್ತಿದ್ದುದೂ ಇದೇ ಅರಬೈಲ್ ಘಾಟಿನಲ್ಲಿ. ಹಗಲಲ್ಲೇ ಇಳಿಯಿರಿ. ಮಳೆಗಾಲದಲ್ಲಂತೂ ಬೇಡವೇ ಬೇಡ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲಿದ್ದವರನ್ನೇ ಹೊತ್ತೊಯ್ದಿತು. ಅಲ್ಲಿ ಗುಡ್ಡಕ್ಕೂ ನೀರಿಗೂ ನಡುವೆ ರಸ್ತೆಯಷ್ಟೇ ಜಾಗ.

ಹೊರಡುವ ಮೊದಲು ಗೋಡೆಯ ಕ್ಯಾಲೆಂಡರ್ ನೋಡುತ್ತೇನೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ಹೆಚ್ಚು, ಇಳಿತವೂ ಹೆಚ್ಚು. ದಿನಕ್ಕೆ ಎರಡು ಸಲ ನೀರು ಏರಿ ಇಳಿಯುತ್ತದೆ, ಮರುದಿನ ಸುಮಾರು 50 ನಿಮಿಷ ತಡವಾಗಿ. ಗೋಕರ್ಣದ ಕುಡ್ಲೆ, ಓಂ ಕಡಲತೀರಗಳ ಬಂಡೆಗಳನ್ನು ಇಳಿತದಲ್ಲೇ ನೋಡಬೇಕು. ನೀರು ಏರುವಾಗ ಆ ಬಂಡೆಗಳ ಮೇಲೆ ಮಕ್ಕಳನ್ನು ಬಿಡಬೇಡಿ.

ನನಗೆ ಎಲ್ಲಕ್ಕಿಂತ ಪ್ರೀತಿ ಅಘನಾಶಿನಿ. ಅದಕ್ಕೆ ದೊಡ್ಡ ಅಣೆಕಟ್ಟಿಲ್ಲ. ಅದು ಕಡಲು ಸೇರುವ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ನೆಲೆಗಳ ಪಟ್ಟಿಗೆ, ಸೇರಿತು. ಇಳಿತದ ಹೊತ್ತಿಗೆ ಹೆಂಗಸರು, ಗಂಡಸರು ಸೊಂಟದವರೆಗೆ ನೀರಿಗಿಳಿದು ಬಳಚು ಎಂಬ ತಿನ್ನುವ ಚಿಪ್ಪುಗಳನ್ನು ಹೆಕ್ಕುತ್ತಾರೆ. ಅಳಿವೆಯಂಚಿನ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುತ್ತಾರೆ. ಸವುಳಾದ ಹೊಲ ಬಿಟ್ಟು ಕೂತ ನಮ್ಮ ಕಾಲುವೆ ಭಾಗದ ರೈತರು ಅದನ್ನೊಮ್ಮೆ ನೋಡಿ ಬರಬೇಕು. ಗೋಕರ್ಣದ ಕಡೆಯಿಂದ ಹೊಳೆಯ ಆಚೆ ದಡಕ್ಕೆ ಕಾರಿನಲ್ಲಿ ಹೋಗುವುದಾದರೆ ಮಿರ್ಜಾನ್ ಕೋಟೆಯ ಕಡೆಯಿಂದ ಸುತ್ತಿ ಬರಬೇಕು. ನಾನು ಕಾರನ್ನು ಈಚೆ ದಡದ ತದಡಿಯಲ್ಲೇ ಬಿಟ್ಟು ದೋಣಿಯಲ್ಲಿ ದಾಟುತ್ತೇನೆ.

ಹೋದ ವರ್ಷ ಅವ್ವನನ್ನು ಕರೆದೊಯ್ದಿದ್ದೆ. ತದಡಿಯ ದಡದಲ್ಲಿ ಕೂತು ಕಡಕ್ ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿ ಬಿಚ್ಚಿದ್ದೆವು. ಒಂದು ತೆಂಗಿನ ಗರಿ ಸಮುದ್ರದ ಕಡೆಯಿಂದ ಊರೊಳಕ್ಕೆ ತೇಲಿ ಬಂತು. ಅವ್ವ ಮುರಿದ ರೊಟ್ಟಿಯನ್ನು ಕೈಯಲ್ಲೇ ಹಿಡಿದು ನೋಡಿದಳು. ‘ಹೊಳಿ ಹಿಂದಕ್ಕ ಹರಿಯಾಕತ್ತೈತಲ್ಲೋ ತಮ್ಮಾ!’

ಅವತ್ತು ಸಂಜೆ ಕುಮಟಾದಲ್ಲಿ ರೂಮ್ ಹಿಡಿದಿದ್ದೆವು. ನೀರು ಮತ್ತೆ ಕಡಲಿನ ಕಡೆ ತಿರುಗುವ ತನಕ ಅವ್ವ ಏಳಲಿಲ್ಲ.