ಹಾಜರಿ ಪುಸ್ತಕ ಇಡದ ಪ್ರದರ್ಶನ

ಕಾರವಾರದ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ನನ್ನ ಕೆಲಸ. ಪುಸ್ತಕ ಕೊಡುವುದು, ತಗೊಳ್ಳುವುದರ ಜೊತೆಗೆ ಓದುವ ಕೋಣೆಗೆ ಅಂಟಿಕೊಂಡಿರುವ ಪುಟ್ಟ ಆರ್ಟ್ ಗ್ಯಾಲರಿಯ ಹೊಣೆಯೂ ನನ್ನದೇ. ಈ ಫೆಬ್ರವರಿಯಲ್ಲಿ ಅಲ್ಲಿ ಎಲ್‌ಜಿಬಿಟಿ (ಸಲಿಂಗ ಪ್ರೇಮಿಗಳು, ದ್ವಿಲಿಂಗ ಪ್ರೇಮಿಗಳು, ಟ್ರಾನ್ಸ್‌ಜೆಂಡರ್ ಜನರು) ಇತಿಹಾಸದ ಪ್ರದರ್ಶನ ಮಾಡಿದೆವು. ಸಣ್ಣ ಊರಲ್ಲಿ ಇಂಥದ್ದು ಮಾಡಬೇಕು ಅಂತಿರುವವರಿಗೆ ನಾನು ಕಲಿತದ್ದು ಉಪಯೋಗಕ್ಕೆ ಬರಬಹುದು ಅಂತ ಬರೆಯುತ್ತಿದ್ದೇನೆ.

ಫೆಬ್ರವರಿಯೇ ಯಾಕೆ ಅಂತ ತುಂಬಾ ಜನ ಕೇಳಿದರು. ಅಮೆರಿಕದಲ್ಲಿ ಈ ಇತಿಹಾಸವನ್ನು ನೆನೆಯುವ ತಿಂಗಳು ಅಕ್ಟೋಬರ್. 1994ರಲ್ಲಿ ಮಿಸೌರಿಯ ರಾಡ್ನಿ ವಿಲ್ಸನ್ ಅನ್ನುವ ಇತಿಹಾಸದ ಮೇಷ್ಟ್ರು ಶುರು ಮಾಡಿದ್ದು. ನಮ್ಮಲ್ಲಿ ಅಕ್ಟೋಬರ್ ಅಂದರೆ ದಸರಾ ರಜೆ. ಗೋಡೆಯಲ್ಲಿ ಮಳೆಗಾಲದ ತೇವ ಇನ್ನೂ ಇರುತ್ತದೆ, ಅಂಟಿಸಿದ ಕಾಗದ ಸುರುಳಿ ಸುತ್ತಿಕೊಳ್ಳುತ್ತದೆ. ಬ್ರಿಟನ್ನಿನವರು 2005ರಿಂದ ಫೆಬ್ರವರಿಯಲ್ಲಿ ಆಚರಿಸುತ್ತಾರೆ. ಅದರ ಹಿಂದಿನ ಕಥೆ ಗ್ರಂಥಾಲಯದವರಾದ ನಮಗೆ ಬಹಳ ಹತ್ತಿರದ್ದು. 1988ರಲ್ಲಿ ಅಲ್ಲಿ ಸೆಕ್ಷನ್ 28 ಬಂತು. ಸ್ಥಳೀಯ ಸಂಸ್ಥೆಗಳು ಸಲಿಂಗ ಪ್ರೇಮಕ್ಕೆ ಪ್ರೋತ್ಸಾಹ ಕೊಡಬಾರದು ಅನ್ನುವ ಕಾನೂನು ಅದು. ಆ ಸಂಸ್ಥೆಗಳೇ ಅಲ್ಲಿ ಗ್ರಂಥಾಲಯಗಳನ್ನೂ ನಡೆಸುತ್ತಿದ್ದವು. ಯಾವ ಪುಸ್ತಕ ಮಾಹಿತಿ, ಯಾವುದು ಪ್ರೋತ್ಸಾಹ? ಹೇಳುವವರಿಲ್ಲ. ಹೆದರಿಕೆಗೇ ಎಷ್ಟೋ ಕಡೆ ಅಂಥ ಪುಸ್ತಕಗಳನ್ನೇ ಕೈಬಿಟ್ಟರು. ಸ್ಕಾಟ್ಲೆಂಡಿನಲ್ಲಿ 2000ರಲ್ಲಿ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2003ರಲ್ಲಿ ಅದು ರದ್ದಾಯಿತು. ಅದಾದ ಮೇಲೆ ಹುಟ್ಟಿದ ತಿಂಗಳು ಇದು.

ಅನುಮತಿ ಕಷ್ಟವಾಗಲಿಲ್ಲ. ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗದ) ರ‍್ಯಾಗಿಂಗ್ ತಡೆ ನಿಯಮಕ್ಕೆ 2016ರಲ್ಲಿ ಆದ ತಿದ್ದುಪಡಿಯನ್ನು ಅರ್ಜಿಗೆ ಲಗತ್ತಿಸಿದ್ದೆ. ಟ್ರಾನ್ಸ್‌ಜೆಂಡರ್ ಅಂತಲೋ, ಲೈಂಗಿಕ ಒಲವಿನ ಕಾರಣಕ್ಕೋ ಯಾರನ್ನಾದರೂ ಪೀಡಿಸಿದರೆ, ದೂರ ಇಟ್ಟರೆ ಅದೂ ರ‍್ಯಾಗಿಂಗ್ ಅಂತ ಅದರಲ್ಲಿ ಸ್ಪಷ್ಟವಾಗಿದೆ. ಪ್ರಾಂಶುಪಾಲರು ಓದಿ ಸಹಿ ಹಾಕಿದರು.

ನಿಜವಾದ ತಲೆನೋವು ಹಾಜರಿ ಪುಸ್ತಕದ್ದು. ಕಾಲೇಜಿನಲ್ಲಿ ಏನೇ ಕಾರ್ಯಕ್ರಮ ಮಾಡಿದರೂ ಕಾಲೇಜುಗಳ ಮೌಲ್ಯಮಾಪನ ಮಾಡುವ ನ್ಯಾಕ್ ಸಂಸ್ಥೆಯ ಫೈಲಿಗೆ ಎರಡು ಬೇಕು. ಬಂದವರ ಹೆಸರು, ಸಹಿ ಇರುವ ಪಟ್ಟಿ ಒಂದು. ಜಿಯೋ ಟ್ಯಾಗ್ ಆದ ಫೋಟೋ ಇನ್ನೊಂದು. ರಕ್ತದಾನ ಶಿಬಿರಕ್ಕೆ ಸರಿ. ಇಲ್ಲಿ? ಕಾರವಾರದಲ್ಲಿ ಯಾರ ಮಗ, ಯಾರ ಮಗಳು ಅಂತ ಎಲ್ಲರಿಗೂ ಗೊತ್ತು. ಬೆಳಿಗ್ಗೆ ಪ್ರದರ್ಶನದ ಮುಂದೆ ನಿಂತಿದ್ದು ಸಂಜೆ ಮೀನು ಪೇಟೆಯಲ್ಲಿ ಅಮ್ಮನ ಕಿವಿಗೆ ಬಿದ್ದಿರುತ್ತದೆ. ಅಂಥ ಊರಲ್ಲಿ ಬಾಗಿಲಲ್ಲೇ ಹೆಸರು ಬರೆಸಿಕೊಂಡರೆ, ಯಾರಿಗೆ ಈ ಇತಿಹಾಸ ಎಲ್ಲರಿಗಿಂತ ಹೆಚ್ಚು ಬೇಕೋ ಅವರೇ ಬರುವುದಿಲ್ಲ.

ಪ್ರದರ್ಶನದ ವಿಷಯವೂ ಇದನ್ನೇ ಹೇಳುತ್ತಿತ್ತು. ಸಲಿಂಗ ಸಂಬಂಧವನ್ನು ಅಪರಾಧವಾಗಿಸಿದ್ದ 377ನೇ ಕಲಮಿನ ಕಥೆಯನ್ನು ಒಂದೇ ಪಟದಲ್ಲಿ ಮುಗಿಸಿದೆವು. 1860ರಲ್ಲಿ ಬ್ರಿಟಿಷರು ಮಾಡಿದ ದಂಡ ಸಂಹಿತೆ, ಅದು ಅಪರಾಧವಲ್ಲ ಅಂದ 2009ರ ದೆಹಲಿ ಹೈಕೋರ್ಟಿನ ತೀರ್ಪು, 2013ರಲ್ಲಿ ಅದನ್ನು ತಳ್ಳಿಹಾಕಿದ ಸುಪ್ರೀಂ ಕೋರ್ಟ್, ಕೊನೆಗೆ ಅದೇ ಸುಪ್ರೀಂ ಕೋರ್ಟ್ ಅಪರಾಧವಲ್ಲ ಅಂದ 2018ರ ಸೆಪ್ಟೆಂಬರ್ 6. ಜಾಸ್ತಿ ಜಾಗ ಕೊಟ್ಟಿದ್ದು 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಗೆ. ಉತ್ತರ ಭಾರತದ ಪ್ರಾಂತ್ಯಗಳಲ್ಲಿ ಮೊದಲು ಜಾರಿಯಾದ ಕಾಯ್ದೆ. ಅದರ ಎರಡನೇ ಭಾಗ ಹಿಜ್ರಾ ಸಮುದಾಯದವರ ಮೇಲೆ ಬಿತ್ತು. ಅನುಮಾನ ಬಂದವರ ಹೆಸರು, ವಾಸದ ಜಾಗ ಬರೆದಿಡಲು ಒಂದು ರಿಜಿಸ್ಟರ್. ಅದರಲ್ಲಿ ಹೆಸರಿದ್ದವರು ಬೀದಿಯಲ್ಲಿ ಹೆಣ್ಣುಡುಗೆಯಲ್ಲಿ ಕಂಡರೆ, ಕುಣಿದರೆ, ವಾರಂಟ್ ಇಲ್ಲದೆ ಹಿಡಿಯಬಹುದಿತ್ತು. ಎರಡು ವರ್ಷದವರೆಗೆ ಜೈಲು. ಇದೆಲ್ಲ ಹಳೇ ಕಾಲದ್ದು ಅನ್ನುವ ಹಾಗೂ ಇಲ್ಲ. 2011ರಲ್ಲಿ ನಮ್ಮ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಅನ್ನುವ ಕಲಮು ಸೇರಿಸಿದರು. ಅದರಲ್ಲೂ ಈ ಸಮುದಾಯದವರ ಹೆಸರು, ವಾಸದ ಜಾಗದ ರಿಜಿಸ್ಟರ್! ಹೈಕೋರ್ಟಿನವರೆಗೂ ಜಗಳವಾದ ಮೇಲೆ ಸರ್ಕಾರ ಆ ಕಲಮಿನ ಮಾತು ಬದಲಿಸಿತು. ಇದನ್ನು ಗೋಡೆಗೆ ಹಾಕಿ, ಅದರ ಕೆಳಗೇ ನಾವೂ ಒಂದು ರಿಜಿಸ್ಟರ್ ಇಡುವುದಾ?

ನಾನು ಇಡಲಿಲ್ಲ. ಬಾಗಿಲು ತೆರೆಯುವ ಮೊದಲೇ ಖಾಲಿ ಗ್ಯಾಲರಿಯ ಫೋಟೋ ತೆಗೆದು, ಅದನ್ನೇ ಫೈಲಿಗೆ ಹಾಕಿದೆ. ಹೆಸರಿನ ಬದಲು ಬಂದವರ ಸಂಖ್ಯೆ ಮಾತ್ರ ಗೀಟು ಹಾಕಿ ಲೆಕ್ಕ ಇಟ್ಟೆವು. ಯಾಕೆ ಹೀಗೆ ಅಂತ ಅರ್ಧ ಪುಟದ ಟಿಪ್ಪಣಿ ಬರೆದು ಜೊತೆಗಿಟ್ಟೆ. ಅದನ್ನು ಒಪ್ಪಿದರು. ಕಾರಣ ಬರವಣಿಗೆಯಲ್ಲಿ ಇದ್ದರೆ ಕಚೇರಿಗಳು ನಾವು ಅಂದುಕೊಂಡದ್ದಕ್ಕಿಂತ ಬೇಗ ಒಪ್ಪುತ್ತವೆ.

ಇನ್ನೊಂದು, ಪಟಗಳನ್ನು ಎಲ್ಲಿ ಹಾಕಬೇಕು ಅನ್ನುವುದು. ಗ್ಯಾಲರಿಯೊಳಗೆ ಕಾಲಿಡುವುದೇ ಒಂದು ಘೋಷಣೆ ಆಗಿಬಿಡುತ್ತದೆ. ಹಾಗಾಗಿ ಅರ್ಧ ಪಟಗಳನ್ನು ನೀರಿನ ಫಿಲ್ಟರ್‌ಗೆ ಹೋಗುವ ದಾರಿಯ ಗೋಡೆಗೆ ತಂದೆವು. ನೀರು ಕುಡಿಯಲು ಎಲ್ಲರೂ ಹೋಗಲೇಬೇಕಲ್ವಾ? ಒಬ್ಬ ಹುಡುಗ ಬಾಟಲಿ ತುಂಬಿಸಿದ, ಓದಿದ, ಅರ್ಧ ಕುಡಿದ, ಮತ್ತೆ ತುಂಬಿಸಿದ, ಮುಂದಿನ ಪಟ ಓದಿದ. ನಾನು ತಲೆ ಬಗ್ಗಿಸಿ ವಾಪಸ್ ಬಂದ ಪುಸ್ತಕಗಳಿಗೆ ಸೀಲು ಹಾಕುತ್ತಾ ಕೂತೆ. ನೋಡದೆ ಇರುವುದೂ ನಮ್ಮ ಕೆಲಸವೇ. ಪುಸ್ತಕಗಳನ್ನು ಕಾರ್ಡಿನ ಮೇಲೆ ಬರೆಸದೆ ಅಲ್ಲೇ ಕೂತು ಓದಲು ಬಿಟ್ಟೆವು. ಮಡಚಿದ ಮಾಹಿತಿ ಹಾಳೆಗಳ ಹೊರಗಡೆ ಏನೂ ಅಚ್ಚು ಹಾಕಿಸಲಿಲ್ಲ. ಪತ್ರಿಕೆಗಳ ಸ್ಟ್ಯಾಂಡಿನಲ್ಲಿ ಇಟ್ಟಿದ್ದವು ಸಂಜೆ ಹೊತ್ತಿಗೆ ಅರ್ಧ ಖಾಲಿ.

ಒಂದು ವಿಷಯದಲ್ಲಿ ಸಹೋದ್ಯೋಗಿಗಳ ಜೊತೆ ವಾದವಾಯಿತು. ನಮ್ಮ ಜಿಲ್ಲೆ ಅಂದಮೇಲೆ ಬಡಗುತಿಟ್ಟಿನ ಯಕ್ಷಗಾನದ ಸ್ತ್ರೀವೇಷದ ಕಲಾವಿದರ ಫೋಟೋ ಇರಲೇಬೇಕು ಅಂತ ಒಬ್ಬರ ಹಟ. ನಾನು ಬೇಡ ಅಂದೆ. ಸೀರೆ ಉಟ್ಟು ರಂಗಕ್ಕೆ ಬರುವುದು ಅವರ ಕಲೆ. ಚೌಕಿಯಲ್ಲಿ ಬಣ್ಣ ತೊಳೆದ ಮೇಲೆ ಅವರು ಯಾರು ಅನ್ನುವುದನ್ನು ನಾವು ಗೋಡೆ ಮೇಲೆ ಬರೆಯಬಾರದು. ತಮ್ಮ ಕಥೆಯನ್ನು ತಾವೇ ಎಲ್ಲರ ಮುಂದೆ ಹೇಳಿದವರನ್ನು ಮಾತ್ರ ಹಾಕೋಣ ಅಂತ ತೀರ್ಮಾನವಾಯಿತು. ಹಾಗೆ ಬಂದವರು ಮಂಜಮ್ಮ ಜೋಗತಿ. ಟ್ರಾನ್ಸ್‌ಜೆಂಡರ್ ಮಹಿಳೆ, ಜೋಗತಿ ನೃತ್ಯದ ಕಲಾವಿದೆ. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಚಿತ್ರಕಾರರಲ್ಲಿ ಭೂಪೇನ್ ಖಖ್ಖರ್. ಓದಿದ್ದು ಚಾರ್ಟರ್ಡ್ ಅಕೌಂಟೆನ್ಸಿ, ಬರೆದದ್ದು ಗಂಡಸರ ನಡುವಿನ ಪ್ರೀತಿಯ ಚಿತ್ರ, ಅದೂ 1980ರ ದಶಕದಲ್ಲಿ. ಅವರು ತೀರಿಕೊಂಡದ್ದು 2003ರಲ್ಲಿ. 2016ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಗ್ಯಾಲರಿ ಅವರ ಚಿತ್ರಗಳ ದೊಡ್ಡ ಪ್ರದರ್ಶನ ಮಾಡಿತು. ಕಾಮರ್ಸ್ ಓದುವ ಮಕ್ಕಳು ಈ ಪಟದ ಮುಂದೆ ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಂತರು.

ಕೊನೆಯ ದಿನ ಸಂಭ್ರಮ ಬೇಕು ಅಂತ ನನಗಿತ್ತು. ಬರೀ ಕೋರ್ಟು, ಜೈಲು ಓದಿ ಮನೆಗೆ ಹೋಗಬಾರದು. ಕಾವಿ ಕಲೆಯ ಕಮ್ಮಟ ಇಟ್ಟೆವು. ಶಿರಸಿಯ ಮಾರಿಕಾಂಬಾ ದೇವಸ್ಥಾನದ ಗೋಡೆಯಲ್ಲಿ ನೋಡಿರುತ್ತೀರಿ, ಬಿಳಿ ಸುಣ್ಣದ ಮೇಲೆ ಕೆಂಪು ಚಿತ್ತಾರ. ಹಸಿ ಸುಣ್ಣದ ಗಾರೆ ಮೇಲೆ ಕೆಮ್ಮಣ್ಣಿನ ಪದರ ಕೊಟ್ಟು, ಒಣಗುವ ಮೊದಲು ಮೊನೆಯಿಂದ ಕೆರೆದರೆ ಒಳಗಿನ ಬಿಳಿ ಮೂಡುತ್ತದೆ. ಪ್ರದರ್ಶನಕ್ಕೆ ಬಂದವರು, ಕಾವಿ ಕಲಿಯಲು ಬಂದವರು ಅಂತ ಬೇರೆ ಮಾಡಲು ಆಗಲಿಲ್ಲ. ಎಲ್ಲರ ಕೈಯೂ ಕೆಂಪು. ಯಾರು ಯಾಕೆ ಬಂದರು ಅಂತ ಯಾರೂ ಕೇಳಲಿಲ್ಲ. ಜೋರಾಗಿ ಹಾಡಿದರು, ನಕ್ಕರು. ನನಗೆ ಅಷ್ಟು ಖುಷಿಯಾದ ಸಂಜೆ ಈ ಕೆಲಸದಲ್ಲಿ ಕಡಿಮೆ.

ಈಗ ಶಿರಸಿಯ ಒಂದು ಕಾಲೇಜಿನವರು ಪಟಗಳನ್ನು ಕೇಳಿದ್ದಾರೆ. ಎರಡು ಷರತ್ತು ಹಾಕಿದ್ದೇನೆ: ಹೆಸರಿನ ಪಟ್ಟಿ ಇಡಬಾರದು, ನೋಡಲು ಬಂದವರ ಫೋಟೋ ತೆಗೆಯಬಾರದು. ಒಪ್ಪಿದ್ದಾರೆ. ನಿಮ್ಮ ಕಾಲೇಜಿಗೂ ಬೇಕಿದ್ದರೆ ಕೇಳಿ. ಷರತ್ತು ಅವೇ, ಸಾಗಣೆ ಖರ್ಚು ಮಾತ್ರ ನಿಮ್ಮದು.