ಹಳದಿ ಫ್ಯೂಸ್, ಸುಟ್ಟ ವೈರು ಮತ್ತು ನನ್ನ ಬೈಕಿನ ವಾರಂಟಿ

ಮೇಗರವಳ್ಳಿ ದಾಟಿ ಸ್ವಲ್ಪ ದೂರ ಹೋಗಿದ್ದೆ. ಮೊದಲು ಬಂದದ್ದು ವಾಸನೆ. ಪ್ಲಾಸ್ಟಿಕ್ ಸುಟ್ಟ ವಾಸನೆ. ಯಾರೋ ರಸ್ತೆ ಬದಿ ಕಸಕ್ಕೆ ಬೆಂಕಿ ಹಾಕಿದ್ದಾರೆ ಅಂದುಕೊಂಡೆ. ಜುಲೈ ತಿಂಗಳ ಮಳೆಯಲ್ಲಿ, ಅದೂ ಆಗುಂಬೆ ಸೀಮೆಯಲ್ಲಿ, ಕಸಕ್ಕೆ ಬೆಂಕಿ ಹೇಗೆ ಹತ್ತುತ್ತದೆ ಎಂದು ತಲೆಗೆ ಹೊಳೆಯುವಷ್ಟರಲ್ಲಿ ಮೀಟರ್ ಆರಿತು, ಹೆಡ್‌ಲೈಟ್ ಆರಿತು, ಇಂಜಿನ್ನೂ ನಿಂತಿತು. ಹ್ಯಾಂಡಲ್ ಬುಡದಿಂದ ತೆಳುವಾಗಿ ಹೊಗೆ ಬರುತ್ತಿತ್ತು.

ಬೈಕಿಗೆ ಆಗ 14 ತಿಂಗಳು. ವಾರಂಟಿ 3 ವರ್ಷ. ಹಾಗಾಗಿ ಮಳೆಯಲ್ಲಿ ನೆನೆಯುತ್ತಾ ನಿಂತಿದ್ದರೂ ಒಳಗೊಳಗೇ ಸ್ವಲ್ಪ ಧೈರ್ಯ ಇತ್ತು. ಕಂಪನಿಯವರು ನೋಡಿಕೊಳ್ಳುತ್ತಾರೆ, ಅಲ್ವಾ?

ಲೈಟಿನ ಕಥೆಯಿಂದ ಶುರು ಮಾಡುತ್ತೇನೆ. ನನಗೆ ಕೆಲಸ ಶಿವಮೊಗ್ಗದಲ್ಲಿ, ಅಮ್ಮ ಇರುವುದು ಹೆಬ್ರಿಯಲ್ಲಿ. ತಿಂಗಳಿಗೆ ಎರಡು ಸಲ ಆಗುಂಬೆ ಘಾಟಿ ಇಳಿದು ಹತ್ತಬೇಕು. 14 ಹೇರ್‌ಪಿನ್ ತಿರುವು. ಮಳೆಗಾಲದಲ್ಲಿ ಮಧ್ಯಾಹ್ನ ಮೂರಕ್ಕೇ ಮಂಜು ಕವಿಯುತ್ತದೆ. ಕಂಪನಿಯ ಹೆಡ್‌ಲೈಟ್ ಬಿಳಿ. ಮಂಜಿನಲ್ಲಿ ಅದನ್ನು ಹಾಕಿದರೆ ಎದುರಿಗೆ ಬಿಳಿ ಪಂಚೆ ಒಣಹಾಕಿದ ಹಾಗೆ ಕಾಣುತ್ತದೆ, ರಸ್ತೆ ಕಾಣುವುದಿಲ್ಲ. ಅದಕ್ಕೇ ಕೆಳಗಡೆ ಎರಡು ಹಳದಿ ಫಾಗ್ ಲೈಟ್ ಹಾಕಿಸಿದೆ, ತಲಾ 30 ವ್ಯಾಟಿನದು. ಜೊತೆಗೆ ಜೋಡಿ ಹಾರ್ನ್ ಕೂಡ. ತಿರುವಿನಲ್ಲಿ ಬಸ್ಸಿನವರಿಗೆ ಕೇಳಿಸಲಿ ಅಂತ. ಇದು ಶೋಕಿಯಲ್ಲ ಎಂದು ಈಗಲೂ ವಾದ ಮಾಡುತ್ತೇನೆ. ಹಾರ್ನ್ ವಿಷಯದಲ್ಲಿ ಸ್ವಲ್ಪ ಶೋಕಿ ಇತ್ತು ಅಂತಲೂ ಒಪ್ಪುತ್ತೇನೆ.

ಹಾಕಿದ್ದು ನಮ್ಮ ಏರಿಯಾದ ಎಲೆಕ್ಟ್ರಿಕಲ್ ಅಂಗಡಿ ಹುಡುಗ. "ರಿಲೇ ಬೇಡ್ವೇನೋ?" ಅಂತ ಕೇಳಿದ್ದೆ. ಸ್ವಿಚ್ಚಿನ ಸಿಗ್ನಲ್ ಸಿಕ್ಕಾಗ ಲೈಟಿಗೆ ಬ್ಯಾಟರಿಯಿಂದ ಬೇರೆಯಾಗಿ ಕರೆಂಟ್ ಬಿಡುವ ಸಣ್ಣ ಡಬ್ಬಿ ಅದು. "ಇಷ್ಟಕ್ಕೆಲ್ಲ ಯಾಕಣ್ಣ, ಡೈರೆಕ್ಟ್ ಕೊಡ್ತೀನಿ" ಅಂದ. ಹೆಡ್‌ಲೈಟಿಗೆ ಹೋಗುವ ವೈರನ್ನು ಬ್ಲೇಡಿನಿಂದ ಕೆರೆದು, ಹೊಸ ವೈರು ಸುತ್ತಿ, ಮೇಲೆ ಕಪ್ಪು ಟೇಪು ಹಾಕಿದ. ಅರ್ಧ ಗಂಟೆಯ ಕೆಲಸ.

ಎರಡು ವಾರದಲ್ಲಿ ಫ್ಯೂಸ್ ಹೋಯಿತು. ಬದಲಿಸಿದೆ. ಮತ್ತೆ ಹೋಯಿತು. ಲೆಕ್ಕ ಸುಲಭ, ಆದರೆ ಆಗ ನಾನು ಹಾಕಿರಲಿಲ್ಲ. ಎರಡು ಲೈಟಿಗೆ 60 ವ್ಯಾಟ್, 12 ವೋಲ್ಟಿನಲ್ಲಿ ಅದು 5 ಆಂಪ್. ಜೋಡಿ ಹಾರ್ನ್ ಒತ್ತಿದಾಗ ಇನ್ನೊಂದು ಆರೇಳು ಆಂಪ್. ಕಂಪನಿಯ ಸ್ವಂತ ಲೋಡ್ ಬೇರೆ. ಫ್ಯೂಸ್ ಇದ್ದದ್ದು 10 ಆಂಪಿನದು. ಅದು ಹೋಗದೆ ಇನ್ನೇನು ಮಾಡೀತು? ಹುಡುಗನ ಹತ್ತಿರ ಹೋದೆ. ಅವನು ಡಬ್ಬಿಯಿಂದ ಒಂದು ಹಳದಿ ಫ್ಯೂಸ್ ತೆಗೆದು ಚುಚ್ಚಿದ. "ಇನ್ ಹೋಗಲ್ಲ ಬಿಡಣ್ಣ" ಅಂದ. ನಿಜ, ಆಮೇಲೆ ಫ್ಯೂಸ್ ಹೋಗಲೇ ಇಲ್ಲ.

ಬ್ಲೇಡ್ ಫ್ಯೂಸುಗಳಲ್ಲಿ ಕೆಂಪು ಎಂದರೆ 10 ಆಂಪ್, ನೀಲಿ 15, ಹಳದಿ 20. ತೆಳು ವೈರನ್ನು ಕಾಯಲು ಕೆಂಪು ಇಡುತ್ತಾರೆ. ಅಲ್ಲಿ ಹಳದಿ ಕೂರಿಸಿದರೆ ಫ್ಯೂಸ್ ಹೋಗುವ ಮೊದಲೇ ವೈರು ಬಿಸಿಯಾಗಿ ಸುಡುತ್ತದೆ. ನನ್ನ ಬೈಕಿನಲ್ಲಿ ಆದದ್ದೂ ಅದೇ. ಹ್ಯಾಂಡಲ್ ತಿರುಗುವ ಜಾಗದಲ್ಲಿ ವೈರಿಂಗ್ ಕಿಟ್ ಒಂದು ಗೇಣು ಉದ್ದ ಕರಗಿ, ಎಂಟು ಹತ್ತು ಬಣ್ಣದ ವೈರುಗಳು ಒಂದಕ್ಕೊಂದು ಅಂಟಿ ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿದ್ದವು.

ಅಡಿಕೆ ಮೂಟೆ ಇಳಿಸಿ ಖಾಲಿ ವಾಪಸ್ ಹೋಗುತ್ತಿದ್ದ ಪಿಕಪ್ ಒಂದರಲ್ಲಿ ಬೈಕ್ ಹಾಕಿಕೊಂಡು ಶಿವಮೊಗ್ಗದ ಸರ್ವಿಸ್ ಸೆಂಟರಿಗೆ ತಂದೆ. ಹೆಸರು ಬರೆಯುವುದಿಲ್ಲ, ಕಂಪನಿಯದ್ದೂ ಬೇಡ. ಅಡ್ವೈಸರ್ ಟ್ಯಾಂಕ್ ಎತ್ತಿಸಿ ನೋಡಿದರು, ಮೊಬೈಲಿನಲ್ಲಿ ನಾಲ್ಕು ಫೋಟೋ ತೆಗೆದರು.

"ಸರ್, ಹೊರಗಡೆ ಲೈಟ್ ಹಾಕ್ಸಿದ್ದೀರಿ. ವಾರಂಟಿ ವಾಯ್ಡ್."

ವೈರಿಂಗ್ ವಿಷಯಕ್ಕೆ ನಾನು ಜಗಳ ಆಡಲಿಲ್ಲ. ಕಪ್ಪು ಟೇಪು ಕಣ್ಣೆದುರೇ ಇತ್ತು, ಹಳದಿ ಫ್ಯೂಸ್ ಅದರ ಪಕ್ಕದಲ್ಲೇ ಇತ್ತು. ಆದರೆ ಅದೇ ಹೊತ್ತಿಗೆ ಬೈಕಿಗೆ ಇನ್ನೊಂದು ತೊಂದರೆ ಇತ್ತು. ಹಿಂದಿನ ಶಾಕ್ ಅಬ್ಸಾರ್ಬರ್‌ನಿಂದ ಎಣ್ಣೆ ಒಸರುತ್ತಿತ್ತು. ಹಿಂದಿನ ಸರ್ವಿಸಿನಲ್ಲೇ ಹೇಳಿದ್ದೆ, ಜಾಬ್ ಕಾರ್ಡಿನಲ್ಲಿ, ಅಂದರೆ ಗಾಡಿಯ ತೊಂದರೆ ಬರೆದುಕೊಳ್ಳುವ ಚೀಟಿಯಲ್ಲಿ, ಬರೆದೂ ಇದ್ದರು. ಅದನ್ನಾದರೂ ಬದಲಿಸಿ ಅಂದೆ.

"ಅದೂ ಬರಲ್ಲ ಸರ್. ಇಡೀ ಗಾಡಿದೇ ಹೋಯ್ತು ವಾರಂಟಿ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಮುಂದಿನ ಲೈಟಿನ ವೈರಿಗೂ ಹಿಂದಿನ ಶಾಕಿನ ಎಣ್ಣೆಗೂ ಏನು ಸಂಬಂಧ?

ಆ ರಾತ್ರಿ ಓನರ್ಸ್ ಮ್ಯಾನ್ಯುಯಲ್ ತೆಗೆದು ಕೊನೆಯ ಪುಟಗಳನ್ನು ಮೊದಲ ಸಲ ಓದಿದೆ. ಕ್ಲಚ್ ಪ್ಲೇಟ್, ಬ್ರೇಕ್ ಪ್ಯಾಡ್, ಚೈನ್ ಸ್ಪ್ರಾಕೆಟ್, ಬಲ್ಬು ಇವೆಲ್ಲ ಸವೆಯುವ ಸಾಮಾನು, ವಾರಂಟಿ ಇಲ್ಲ. ಬ್ಯಾಟರಿ, ಟೈರಿಗೆ ಅದನ್ನು ಮಾಡಿದ ಕಂಪನಿಯ ವಾರಂಟಿ. ಆಮೇಲೆ ನನಗೆ ಬೇಕಿದ್ದ ಸಾಲು ಸಿಕ್ಕಿತು. ಕಂಪನಿಯದಲ್ಲದ ಭಾಗ ಹಾಕಿದ್ದರಿಂದ "ಉಂಟಾದ" ಹಾನಿಗೆ ವಾರಂಟಿ ಅನ್ವಯಿಸುವುದಿಲ್ಲ ಎಂದು ಅದರ ಅರ್ಥ. ಹಾಕಿದರೆ ಇಡೀ ವಾರಂಟಿ ಹೋಗುತ್ತದೆ ಎಂದು ಎಲ್ಲೂ ಇರಲಿಲ್ಲ. ನಿಮ್ಮ ಬೈಕಿನ ಪುಸ್ತಕದಲ್ಲಿ ಬೇರೆ ಥರ ಇರಬಹುದು. ದಯವಿಟ್ಟು ಲೈಟ್ ಕೊಳ್ಳುವ ಮೊದಲು ಆ ಪುಟ ಓದಿ.

ಯೂಟ್ಯೂಬಿನಲ್ಲಿ ಹುಡುಕಿದರೆ "ಹೊರಗಿನ ಭಾಗ ಹಾಕಿದರೆ ವಾರಂಟಿ ಹೋಗಲ್ಲ, ಕಂಪನಿಯೇ ಸಾಬೀತು ಮಾಡಬೇಕು" ಎನ್ನುವ ವಿಡಿಯೋಗಳು ರಾಶಿ ಸಿಗುತ್ತವೆ. ಅವು ಅಮೆರಿಕದವು. ಅಲ್ಲಿ 1975ರಿಂದ ಮ್ಯಾಗ್ನುಸನ್-ಮಾಸ್ ಅನ್ನುವ ವಾರಂಟಿ ಕಾಯ್ದೆ ಇದೆ. ಅದನ್ನು ಶಿವಮೊಗ್ಗದ ಸರ್ವಿಸ್ ಸೆಂಟರಿನಲ್ಲಿ ಹೇಳಿದರೆ ಟೀ ಕೊಟ್ಟು ಕಳಿಸುತ್ತಾರೆ. ನಮ್ಮಲ್ಲಿ ಹತ್ತಿರ ಬರುವುದು 2014ರ ಆಗಸ್ಟಿನ ಒಂದು ಆದೇಶ. ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿದ್ದು. ಹೊರಗಿನ ಮೆಕ್ಯಾನಿಕ್ ಮುಟ್ಟಿದ ಅಂತ ಸಾರಾಸಗಟಾಗಿ ವಾರಂಟಿ ರದ್ದು ಮಾಡಬೇಡಿ, ಅವನ ಕೆಟ್ಟ ಕೆಲಸದಿಂದ ಎಷ್ಟು ಹಾಳಾಗಿದೆಯೋ ಅಷ್ಟಕ್ಕೆ ಮಾತ್ರ ನಿರಾಕರಿಸಿ ಎಂದು ಅದರಲ್ಲಿತ್ತು. ಕಂಪನಿಗಳು ಮೇಲ್ಮನವಿಗೆ ಹೋದವು. ಅದು ಕಾರಿನ ಕೇಸು, ಬೈಕಿನದ್ದಲ್ಲ. ಆದರೂ ತರ್ಕ ನನ್ನದೇ ಅಲ್ವಾ!

ಮರುದಿನ ಹೋಗಿ ಒಂದೇ ಮಾತು ಕೇಳಿದೆ. "ಶಾಕ್ ಯಾಕೆ ಬದಲಿಸಲ್ಲ ಅಂತ ಜಾಬ್ ಕಾರ್ಡಲ್ಲಿ ಬರೆದು ಕೊಡಿ." ಬಾಯಲ್ಲಿ ಸಲೀಸಾಗಿ ಬರುತ್ತಿದ್ದ ಕಾರಣ ಪೆನ್ನಿಗೆ ಬರಲಿಲ್ಲ. ಮ್ಯಾನೇಜರ್ ಇಲ್ಲ, ನಾಳೆ ಬನ್ನಿ ಅಂದರು. ನಾನು ಅಲ್ಲೇ ಕೂತು ಕಂಪನಿಯ ಕಸ್ಟಮರ್ ಕೇರಿಗೆ ಇಮೇಲ್ ಬರೆದೆ. ಹಳೆಯ ಜಾಬ್ ಕಾರ್ಡಿನ ಫೋಟೋ, ಮ್ಯಾನ್ಯುಯಲ್ ಪುಟದ ಫೋಟೋ, ವೈರಿಂಗ್ ನನ್ನ ತಪ್ಪು ಎಂಬ ಒಂದು ಸಾಲು, ಶಾಕಿನ ಬಗ್ಗೆ ಎರಡು ಸಾಲು. ಸುಮ್ನೆ ಬೈಯಲಿಲ್ಲ. ಉತ್ತರ ಬರದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಹೇಳುತ್ತೇನೆ ಅಂತ ಕೊನೆಯಲ್ಲಿ ಸೇರಿಸಿದೆ.

ಒಂಬತ್ತನೇ ದಿನ ಕಂಪನಿಯ ಕಡೆಯಿಂದ ಒಬ್ಬರು ಬಂದು ನೋಡಿದರು. ಶಾಕ್ ಬದಲಾಯಿತು, ದುಡ್ಡಿಲ್ಲದೆ. ವೈರಿಂಗ್ ಕಿಟ್ ಮತ್ತು ಕೂಲಿ ಸೇರಿ 7,400 ರೂಪಾಯಿ ನಾನು ಕಟ್ಟಿದೆ. ಸರಿಯಾದ ಪಾಲು ಅಂತಲೇ ನನ್ನ ಅಭಿಪ್ರಾಯ.

ನಮ್ಮ ಆಫೀಸಿನ ಹುಡುಗನೊಬ್ಬ ಈ ಕಥೆ ಕೇಳಿ, ಹಾಗಾದರೆ ಸೈಲೆನ್ಸರ್ ಬದಲಿಸಲು ನನಗೂ ಧೈರ್ಯ ಬಂತು ಅಂದ. ಅಲ್ಲಪ್ಪಾ. ಬಿಎಸ್6 ಹೊಗೆ ನಿಯಮದ ಬೈಕಿನ ಸೈಲೆನ್ಸರ್ ಸುಮ್ನೆ ಕೊಳವೆಯಲ್ಲ. ದಾರಿಯಲ್ಲಿ ಆಕ್ಸಿಜನ್ ಸೆನ್ಸರ್ ಇದೆ, ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇದೆ. ಅದನ್ನು ಕಿತ್ತು ಹೊಗೆಗೆ ತಡೆಯಿಲ್ಲದ ಫ್ರೀ ಫ್ಲೋ ಸೈಲೆನ್ಸರ್ ಹಾಕಿದ ಮೇಲೆ ಇಂಜಿನ್‌ನಲ್ಲಿ ಏನೇ ಆದರೂ "ಇದರಿಂದಲೇ" ಅನ್ನುವುದು ಕಂಪನಿಗೆ ಬಹಳ ಸುಲಭ, ಎಷ್ಟೋ ಸಲ ಅದು ನಿಜವೂ ಹೌದು. ಕಾನೂನಿನ ಭಯ ಬೇರೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ನಿಯಮ ಮೀರಿದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಬೀಳಬಹುದು, 6 ತಿಂಗಳವರೆಗೆ ಜೈಲೂ ಆಗಬಹುದು. ಲೈಟಿನವರೂ ಪೂರ್ತಿ ಬಚಾವಲ್ಲ. 2024ರ ಜುಲೈನಲ್ಲಿ ನಮ್ಮ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ಲೈಟುಗಳ ಮೇಲೆ ಕೇಸು ಹಾಕತೊಡಗಿದ್ದು ನೆನಪಿರಬಹುದು. ನಾನು ಊರೊಳಗೆ ನನ್ನ ಹಳದಿ ಲೈಟ್ ಹಚ್ಚುವುದಿಲ್ಲ, ಮುಖ ನೆಲದ ಕಡೆ ಬಗ್ಗಿಸಿದ್ದೇನೆ.

ಹೌದು, ಲೈಟ್ ಮತ್ತೆ ಹಾಕಿಸಿದೆ. ಈ ಸಲ ಬ್ಯಾಟರಿಯಿಂದ ನೇರ ಬೇರೆ ವೈರು, ರಿಲೇ, ಅದಕ್ಕೇ ಪ್ರತ್ಯೇಕ ಫ್ಯೂಸ್. ಕಂಪನಿಯ ಒಂದು ವೈರಿಗೂ ಬ್ಲೇಡ್ ತಾಗಿಲ್ಲ, ರಿಲೇಗೆ ಸಿಗ್ನಲ್ ಕೂಡ ವೈರು ಕೆರೆಯದೆ ಸಿಕ್ಕಿಸುವ ಕಪ್ಲರ್‌ನಿಂದಲೇ. ಬೇಡ ಅಂದರೆ ಹತ್ತು ನಿಮಿಷದಲ್ಲಿ ಬಿಚ್ಚಬಹುದು. ಹಾರ್ನ್ ಮಾತ್ರ ಕಂಪನಿಯದೇ ಇದೆ, ಪೀಂ ಅನ್ನುತ್ತದೆ.

ಹೋದ ವಾರ ಸರ್ವಿಸಿಗೆ ಬಿಟ್ಟೆ. ಅಡ್ವೈಸರ್ ನನ್ನನ್ನು ನೋಡಿದ ಕೂಡಲೇ ಮೊಬೈಲ್ ತೆಗೆದು ಲೈಟಿನ ಫೋಟೋ ತೆಗೆದರು. ನಾನೂ ನನ್ನ ಮೊಬೈಲ್ ತೆಗೆದು ಸೀಟ್ ಎತ್ತಿ, ರಿಲೇಯದ್ದೂ ಫ್ಯೂಸ್ ಬಾಕ್ಸಿನ ಕೆಂಪು ಫ್ಯೂಸಿನದ್ದೂ ಫೋಟೋ ತೆಗೆದೆ. ಇಬ್ಬರೂ ನಕ್ಕೆವು. ಆಮೇಲೆ ಅವರು ಜಾಬ್ ಕಾರ್ಡ್ ಕೊಟ್ಟರು, ನಾನು ಪೂರ್ತಿ ಓದಿ ಸಹಿ ಹಾಕಿದೆ.